ನೀರನ್ನು ಎಣಿಸಿ ಸಸಿಯನ್ನು ನೆಡುವುದು
(ಬಾಗಲೂರಿನಲ್ಲಿ ಕನ್ನಡ ಮಾಧ್ಯಮ ಶಿಕ್ಷಕರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಶಾಲೆಯ ಕೈತೋಟವನ್ನು ಕುರಿತು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಕೈತೋಟದ ಪ್ರಯೋಜನಗಳನ್ನು ಇಲ್ಲಿ ವಿವರಿಸಹೋಗುವುದಿಲ್ಲ. ಅವು ತಮಗೆಲ್ಲ ತಿಳಿದವೇ. ನನ್ನ ಮಾತು ಅದರ ಒಂದು ತೊಡಕನ್ನು ಕುರಿತದ್ದು. ಜೂನ್ ತಿಂಗಳಲ್ಲಿ ಮಕ್ಕಳ ಕೈಯಿಂದ ನೆಡಿಸಿದ ಸಸಿಯು ಮರುವರ್ಷದ ಜೂನ್ ತಿಂಗಳಲ್ಲಿ ಏಕೆ ಇರುವುದಿಲ್ಲ?

ವಿಶ್ವ ಪರಿಸರ ದಿನವು 1973ರಿಂದ ಜೂನ್ 5ರಂದು ಆಚರಣೆಯಲ್ಲಿದೆ. ನಮ್ಮ ಶಾಲೆಗಳಲ್ಲಿಯೂ ಆ ದಿನ ಗುಂಡಿ ತೋಡುತ್ತೇವೆ, ಸಸಿ ಇಡುತ್ತೇವೆ, ಚಿತ್ರ ತೆಗೆಯುತ್ತೇವೆ. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ. ಐದನೆಯ ತರಗತಿಯ ಮಗುವೊಂದು ಒಂದೇ ಗುಂಡಿಗೆ ಮೂರು ಸಸಿಗಳನ್ನು ಇಟ್ಟದ್ದನ್ನು ಕಂಡಿದ್ದರೆ, ಅದು ಕಲಿತ ಪಾಠ ಯಾವುದು? ಮರವೆಂಬುದು ಬೆಳೆಯತಕ್ಕ ವಸ್ತುವಲ್ಲ, ನೆಡತಕ್ಕ ವಸ್ತು ಎಂಬ ಪಾಠ. ಪಠ್ಯಪುಸ್ತಕದಲ್ಲಿ ನಾವು ಎಷ್ಟೇ ಚೆನ್ನಾಗಿ ಬೋಧಿಸಿದರೂ ಆ ಗುಂಡಿಯ ಬೋಧನೆಯೇ ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ.

ಸಸಿ ಸಾಯುವುದು ಉದಾಸೀನದಿಂದ ಎಂದು ಸಾಮಾನ್ಯವಾಗಿ ಹೇಳುವುದುಂಟು. ನನಗೆ ಹಾಗೆನಿಸುವುದಿಲ್ಲ. ಅದು ಸಾಯುವುದು ಲೆಕ್ಕದ ದೋಷದಿಂದ. ನಾವು ಮೊದಲು ಸಸಿಗಳನ್ನು ಎಣಿಸಿ, ಆಮೇಲೆ ನೀರನ್ನು ಹುಡುಕುತ್ತೇವೆ. ಮೊದಲು ನೀರನ್ನು ಎಣಿಸಿ ಆಮೇಲೆ ಸಸಿಗಳ ಸಂಖ್ಯೆಯನ್ನು ಗೊತ್ತುಮಾಡಬೇಕೆಂಬುದೇ ನಾನು ಹೇಳಬೇಕೆಂದಿರುವ ವಿಷಯ.

ಈ ಕ್ರಮಕ್ಕೆ ದೊಡ್ಡ ನಿದರ್ಶನವೊಂದು ಕನ್ನಡ ನಾಡಿನಲ್ಲಿಯೇ ಇದೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರು ಮತ್ತು ಅವರ ಪತಿ ಚಿಕ್ಕಯ್ಯನವರು ಹುಲಿಕಲ್ಲಿನಿಂದ ಕುದೂರಿನವರೆಗಿನ ರಸ್ತೆಯ ಬದಿಯಲ್ಲಿ ಆಲದ ಸಾಲನ್ನು ಬೆಳೆಸಿದ ಸಂಗತಿ ಎಲ್ಲರಿಗೂ ಗೊತ್ತು. 2019ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದದ್ದೂ ಗೊತ್ತು. ಮರಗಳು 385 ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಹೇಳಿಕೊಡಬೇಕಾದ ಸಂಖ್ಯೆ ಬೇರೆ. ಅವರು ಮೊದಲನೆಯ ವರ್ಷ ನೆಟ್ಟದ್ದು 10 ಸಸಿ. ಎರಡನೆಯ ವರ್ಷ 15. ಮೂರನೆಯ ವರ್ಷ 20. ದಂಪತಿಗಳಿಬ್ಬರು ಕೊಡಗಳಲ್ಲಿ ಹೊತ್ತು ತರಬಹುದಾದ ನೀರು ಎಷ್ಟೋ ಅಷ್ಟೇ ಸಸಿ. ನೆಡುವುದು ಮಳೆಗಾಲದಲ್ಲಿ, ಸುತ್ತ ಮುಳ್ಳಿನ ಬೇಲಿ, ಹಿಂದಿನ ವರ್ಷದ ಸಸಿಗಳು ಬೇರೂರಿದ ಮೇಲೆ ಹೊಸವುಗಳ ಸಂಖ್ಯೆ ಏರಿಕೆ. ಅಕ್ಷರ ಬಾರದ ಆ ತಾಯಿಯ ಲೆಕ್ಕ ನಮ್ಮ ಶಾಲೆಗಳ ಲೆಕ್ಕಕ್ಕಿಂತ ಕರಾರುವಾಕ್ಕಾದದ್ದು.

ಇನ್ನು ನಮ್ಮ ನೆಲಕ್ಕೆ ಬರೋಣ. ಬಾಗಲೂರು ಹೊಸೂರಿನಿಂದ ಮಾಲೂರಿಗೆ ಹೋಗುವ ದಾರಿಯಲ್ಲಿದೆ. ರಾಜ್ಯದ ಗಡಿ ಕೂಗಳತೆಯಲ್ಲಿದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿಯು ಹೊಸಕೋಟೆಯ ಮೇಲೆ ಹರಿದು ಈ ಭಾಗದಲ್ಲಿಯೇ ತಮಿಳುನಾಡನ್ನು ಪ್ರವೇಶಿಸಿ ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟನ್ನು ಸೇರುತ್ತದೆ. ನದಿ ಹತ್ತಿರವಿರುವಾಗ ನೀರಿನ ಚಿಂತೆ ಏಕೆಂದು ಹೊರಗಿನವರು ಕೇಳಬಹುದು. ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿಬರುವ ಬೆಂಗಳೂರಿನ ಕೊಳಚೆಯೂ ಈ ನದಿಗೇ ಬಂದು ಸೇರುತ್ತದೆ. ಕೆಲವರಪಳ್ಳಿಯಲ್ಲಿ ಅಣೆಕಟ್ಟಿನ ಕೆಳಗೆ ನೊರೆಯು ಬೆಟ್ಟದಂತೆ ಏಳುವುದನ್ನು ತಾವು ಪತ್ರಿಕೆಗಳಲ್ಲಿ ಮಾತ್ರವಲ್ಲ, ಕಣ್ಣಾರೆಯೂ ಕಂಡಿರಬಹುದು. ಮಕ್ಕಳ ಊಟಕ್ಕೆ ಬೆಳೆಯುವ ಸೊಪ್ಪಿಗೆ ಆ ನೀರನ್ನು ಹಾಯಿಸಿರೆಂದು ನಾನು ಹೇಳಲಾರೆ. ಕೊಳವೆಬಾವಿಗಳು ನೂರಾರು ಅಡಿ ಕೆಳಗೆ ಹೋಗಿವೆ. ಶಾಲೆಯಲ್ಲಿ ಅದು ಇದ್ದರೂ ಮೊದಲ ಹಕ್ಕು ಕುಡಿಯುವ ನೀರಿಗೆ, ಎರಡನೆಯದು ಶೌಚಾಲಯಕ್ಕೆ. ತೋಟದ ಸರದಿ ಅದಾದ ಮೇಲೆ. ಆದುದರಿಂದ ನಾವು ನಂಬಬಹುದಾದದ್ದು ಎರಡೇ: ಮಾಡಿನ ಮೇಲೆ ಬೀಳುವ ಮಳೆ, ಮತ್ತು ಕೈ, ತಟ್ಟೆ ತೊಳೆದ ನೀರು.

ಮಾಡಿನ ಲೆಕ್ಕ ಬಹು ಸುಲಭವಾದದ್ದು. ಆರನೆಯ ತರಗತಿಯ ಮಕ್ಕಳು ಮಾಡಬಲ್ಲರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಅಡಿ ಉದ್ದ 20 ಅಡಿ ಅಗಲದ ಕಟ್ಟಡದ ಮಾಡು ಸುಮಾರು 93 ಚದರ ಮೀಟರ್. ನಮ್ಮ ಭಾಗದ ವಾರ್ಷಿಕ ಮಳೆ ಸರಾಸರಿ 800 ಮಿಲಿಮೀಟರಿನ ಆಸುಪಾಸಿನದು. ಐದರಲ್ಲೊಂದು ಪಾಲು ಸೋರಿ, ಆರಿ ಹೋಗುವುದೆಂದು ಕಳೆದರೂ ವರ್ಷಕ್ಕೆ ಅರವತ್ತು ಸಾವಿರ ಲೀಟರಿಗೆ ಸ್ವಲ್ಪವೇ ಕಡಿಮೆ. ಈ ಉತ್ತರವನ್ನು ಮಕ್ಕಳು ಕರಿಹಲಗೆಯ ಮೇಲೆ ಕಂಡಾಗ ನಂಬುವುದಿಲ್ಲ. ಶಿಕ್ಷಕರೂ ನಂಬುವುದಿಲ್ಲ.

ಆದರೆ ಈ ನೀರೆಲ್ಲ ನಮಗೆ ಬೇಕಾದ ದಿನ ಬರುವುದಿಲ್ಲ ಎಂಬುದೇ ಕಷ್ಟ. ಎರಡು ಸಾವಿರ ಲೀಟರಿನ ತೊಟ್ಟಿಯೊಂದನ್ನು ಇಟ್ಟರೆ 27 ಮಿಲಿಮೀಟರ್ ಮಳೆಗೇ ಅದು ತುಂಬುತ್ತದೆ. ಹಸ್ತ, ಚಿತ್ತೆಯ ಒಂದು ಒಳ್ಳೆಯ ಮಳೆ ಸಾಕು. ಉಳಿದ ನೀರಿಗೆ ತೊಟ್ಟಿ ಎಲ್ಲಿ? ನೆಲವೇ ತೊಟ್ಟಿ. ನಮ್ಮ ಮರಳು ಬೆರೆತ ಕೆಂಪು ಮಣ್ಣು ಒಂದು ಘನ ಮೀಟರಿಗೆ ಸುಮಾರು ನೂರು ಲೀಟರ್ ನೀರನ್ನು ಬೇರುಗಳಿಗೆ ದೊರಕುವಂತೆ ಹಿಡಿದಿಡಬಲ್ಲದು. ಕೆರೆಯ ಗೋಡನ್ನು ಅನುಮತಿ ಪಡೆದು ತಂದು ಗೊಬ್ಬರದೊಂದಿಗೆ ಬೆರೆಸಿದರೆ ಇನ್ನೂ ಹೆಚ್ಚು. ಕೆಂಪು ಮಣ್ಣಿಗೆ ಗೋಡು ಹೊಡೆಯುವುದು ನಮ್ಮ ಹಿರಿಯರು ಪ್ರತಿ ಬೇಸಗೆಯಲ್ಲಿ ಮಾಡುತ್ತಿದ್ದ ಕೆಲಸವೇ.

2003ರಲ್ಲಿ ತಮಿಳುನಾಡಿನಲ್ಲಿ ಕಟ್ಟಡಗಳಿಗೆಲ್ಲ ಮಳೆನೀರಿನ ಸಂಗ್ರಹವನ್ನು ಕಡ್ಡಾಯಗೊಳಿಸಲಾಯಿತು. ಅಂದು ಅಳವಡಿಸಿದ ಕೊಳವೆಯೂ ಜಲ್ಲಿಗುಂಡಿಯೂ ಹಲವು ಶಾಲೆಗಳಲ್ಲಿ ಇರಬೇಕು. ದಯಮಾಡಿ ಒಮ್ಮೆ ಹೋಗಿ ನೋಡಿರಿ: ಗುಂಡಿಯಲ್ಲಿ ಮಣ್ಣು ತುಂಬಿ ಹುಲ್ಲು ಬೆಳೆದಿದ್ದರೆ ಅದನ್ನು ತೆಗೆಸುವುದೇ ತೋಟದ ಮೊದಲ ಕೆಲಸ.

ತೊಟ್ಟಿಯ ಎರಡು ಸಾವಿರ ಲೀಟರನ್ನು ಮಾತ್ರ ಬೇಸಗೆಯ ರಜೆಗೆಂದು ಮೀಸಲಿಡಬೇಕು. ಸಸಿಗಳು ಸಾಯುವುದು ಆ ಆರು ವಾರಗಳಲ್ಲಿಯೇ. ಬಿಸಿಲು ಅತ್ಯಂತ ತೀಕ್ಷ್ಣವಾದ ಹೊತ್ತಿನಲ್ಲಿ ಶಾಲೆಯ ಬಾಗಿಲು ಮುಚ್ಚಿರುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಹುಟ್ಟಿದ್ದು ಆ ಮಳೆ ಬರುವ ಭರವಸೆ ಇಲ್ಲದ್ದರಿಂದಲೇ ಇರಬೇಕು. ಒಂದು ಸಸಿಗೆ ದಿನಕ್ಕೊಂದು ಹತ್ತು ಲೀಟರ್ ಬಕೆಟ್ಟಿನಂತೆ ಇಪ್ಪತ್ತು ಸಸಿಗಳಿಗೆ 42 ದಿನ ನೀರೆರೆದರೆ 8,400 ಲೀಟರ್ ಬೇಕು. ಅಷ್ಟು ನಮ್ಮಲ್ಲಿಲ್ಲ, ಇದ್ದರೂ ಎರೆಯುವವರಿಲ್ಲ. ಇಲ್ಲಿ ನೆರವಿಗೆ ಬರುವುದು ಮಡಕೆ.

ಮಡಕೆ ನೀರಾವರಿ ಇಂದಿನದಲ್ಲ. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಚೀನಾದ ಫಾನ್ ಶೆಂಗ್‌ಜಿ ಎಂಬವನು ಬರೆದ ಕೃಷಿಗ್ರಂಥದಲ್ಲಿ, ನೀರು ತುಂಬಿದ ಮಣ್ಣಿನ ಪಾತ್ರೆಯನ್ನು ಹೂತು ಅದರ ಸುತ್ತ ಬಳ್ಳಿಯ ಬೀಜ ಬಿತ್ತುವ ಕ್ರಮ ವರ್ಣಿತವಾಗಿದೆ. ಒಳಮೈ ಹೊರಮೈಗಳಿಗೆ ಮೆರುಗಾಗಲಿ ಬಣ್ಣವಾಗಲಿ ಇಲ್ಲದ, ಆರು ಲೀಟರ್ ಹಿಡಿಯುವ ಸುಟ್ಟ ಮಡಕೆಯನ್ನು ಸಸಿಯಿಂದ ಒಂದಡಿ ದೂರದಲ್ಲಿ ಕತ್ತಿನವರೆಗೆ ಹೂಳಬೇಕು. ನೀರು ತುಂಬಿ ಮುಚ್ಚಳ ಇಡಬೇಕು. ಇದರ ಸೊಗಸು ಏನೆಂದರೆ, ಮಡಕೆಯು ತಾನಾಗಿ ನೀರನ್ನು ಸುರಿಯುವುದಿಲ್ಲ. ಒಣಗಿದ ಮಣ್ಣು ಅದನ್ನು ಹೀರಿಕೊಳ್ಳುತ್ತದೆ. ಸುತ್ತಲಿನ ಮಣ್ಣು ತೇವವಾದಂತೆ ಒಸರುವಿಕೆ ತಗ್ಗುತ್ತದೆ, ಮಣ್ಣು ಒಣಗಿದಂತೆ ಹೆಚ್ಚುತ್ತದೆ. ಗಿಡಕ್ಕೆ ಬಾಯಾರಿಕೆಯಾದಾಗ ಮಾತ್ರ ನೀರು. ನೆಲದ ಮೇಲ್ಮೈ ಒಣಗಿಯೇ ಇರುವುದರಿಂದ ಬಿಸಿಲಿಗೆ ಆರಿಹೋಗುವುದು ಅತ್ಯಲ್ಪ, ಕಳೆಯೂ ಕಡಿಮೆ.

ಇಪ್ಪತ್ತು ಸಸಿ, ವಾರಕ್ಕೆರಡು ಸಲ, ಸಲಕ್ಕೆ ಆರು ಲೀಟರ್: ವಾರಕ್ಕೆ 240 ಲೀಟರ್, ಆರು ವಾರಕ್ಕೆ 1,440 ಲೀಟರ್. ಎರಡು ಸಾವಿರದ ತೊಟ್ಟಿಯಲ್ಲಿ ಇನ್ನೂ ಮಿಗುತ್ತದೆ. ಅಂದರೆ ಅಕ್ಟೋಬರ್ ತಿಂಗಳಿನ ಒಂದು ಮಳೆ ಮೇ ತಿಂಗಳಿನ ಇಪ್ಪತ್ತು ಸಸಿಗಳನ್ನು ಉಳಿಸಬಲ್ಲದು. ಈ ಲೆಕ್ಕವನ್ನು ತಾವು ತಮ್ಮ ತಮ್ಮ ಶಾಲೆಯ ಮಾಡು, ತೊಟ್ಟಿಗಳ ಅಳತೆಗೆ ತಕ್ಕಂತೆ ಮಾಡಿಕೊಂಡರೆ ಎಷ್ಟು ಸಸಿ ನೆಡಬೇಕೆಂಬ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ. ಉತ್ತರ ಎಂಟು ಎಂದಾದರೆ ಎಂಟನ್ನೇ ನೆಡಿರಿ. ಐವತ್ತು ಸಸಿಗಳ ವರದಿಗಿಂತ ಎಂಟು ಮರಗಳ ನೆರಳು ಲೇಸು.

ಮಡಕೆಗೂ ದೋಷಗಳಿವೆ. ನಮ್ಮ ಕೊಳವೆಬಾವಿಯ ನೀರು ಗಡಸು. ಅದರ ಸುಣ್ಣವು ಕೆಲವು ವರ್ಷಗಳಲ್ಲಿ ಮಡಕೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಆದುದರಿಂದ ಆದಷ್ಟೂ ಮಳೆನೀರನ್ನೇ ಹಾಕಬೇಕು. ತಟ್ಟೆ ತೊಳೆದ ಜಿಡ್ಡಿನ ನೀರನ್ನಂತೂ ಹಾಕಲೇಬಾರದು. ಶಾಲೆ ನಡೆಯುವ ತಿಂಗಳುಗಳಲ್ಲಿ ಮಕ್ಕಳು ಸಂಜೆ ಮನೆಗೆ ಹೊರಡುವಾಗ ಬಾಟಲಿಯಲ್ಲಿ ಉಳಿದ ಗುಟುಕು ನೀರನ್ನು ದಾರಿಯಲ್ಲಿ ಚೆಲ್ಲುವ ಬದಲು ಮಡಕೆಗೆ ಹಾಕಲಿ. ಅರವತ್ತು ಮಕ್ಕಳಲ್ಲಿ ಒಬ್ಬೊಬ್ಬರು ನೂರು ಮಿಲಿಲೀಟರ್ ಉಳಿಸಿದರೆ ದಿನಕ್ಕೊಂದು ಮಡಕೆ ತುಂಬುತ್ತದೆ.

ಇಲ್ಲಿ ಒಂದು ಮಾತು. ಆಸ್ಪತ್ರೆಯ ಹಳೆಯ ಸಲೈನ್ ಬಾಟಲಿಗಳನ್ನು ಸಸಿಗಳಿಗೆ ತೂಗುಹಾಕಿ ಹನಿ ನೀರಾವರಿ ಮಾಡಿದ ಶಾಲೆಗಳ ಸುದ್ದಿಯನ್ನು ಆಗಾಗ ಓದುತ್ತೇವೆ, ಮೆಚ್ಚುತ್ತೇವೆ. ಬಳಸಿದ ಸಲೈನ್ ಕೊಳವೆ, ಸೂಜಿಗಳು ವೈದ್ಯಕೀಯ ತ್ಯಾಜ್ಯ. ಮಕ್ಕಳ ಕೈಗೆ ಬರತಕ್ಕ ವಸ್ತುಗಳಲ್ಲ. ಹನಿ ನೀರಾವರಿಯ ತತ್ತ್ವವನ್ನು ತೋರಿಸಬೇಕೆಂದರೆ ಅದಕ್ಕೆ ನಮ್ಮ ಊರಿನಲ್ಲಿ ಬೇರೆ ಸಾಧನವಿದೆ. ಬಾಗಲೂರು, ಹೊಸೂರುಗಳ ಸುತ್ತ ಗುಲಾಬಿ ಬೆಳೆಯುವ ಹಸಿರುಮನೆಗಳಿಗೆ ಕೊರತೆಯೇ? ಮಾಲೀಕರ ಅಪ್ಪಣೆ ಪಡೆದು ಒಂದು ಬೆಳಗ್ಗೆ ಮಕ್ಕಳನ್ನು ಕರೆದೊಯ್ದರೆ, ಗಂಟೆಗೆ ಇಂತಿಷ್ಟೇ ಲೀಟರ್ ತೊಟ್ಟಿಕ್ಕುವ ಕೊಳವೆಯನ್ನು ಅವರು ಕಣ್ಣಾರೆ ನೋಡಬಹುದು. ಇಸ್ರೇಲಿನಲ್ಲಿ ಸಿಂಖಾ ಬ್ಲಾಸ್ ಎಂಬ ಜಲತಜ್ಞನು ರೂಪಿಸಿ, 1965ರಲ್ಲಿ ಹತ್ಸೆರಿಮ್ ಎಂಬ ಕಿಬ್ಬೂತ್ಸಿನಲ್ಲಿ ತಯಾರಿಕೆ ಆರಂಭವಾದ ಸಾಧನವು ನಮ್ಮೂರಿನ ಗುಲಾಬಿಯ ಬುಡಕ್ಕೆ ಬಂದ ಕಥೆಯು ಒಂದು ಭೂಗೋಳದ ಪಾಠವಾಗುತ್ತದೆ.

ನೀರೆರೆಯುವ ರೀತಿಯನ್ನೂ ಮಕ್ಕಳಿಗೆ ಕಲಿಸಬೇಕು. ದಿನವೂ ಸಂಜೆ ಚೊಂಬಿನಿಂದ ಚಿಮುಕಿಸಿದ ನೀರು ಒಂದಂಗುಲವನ್ನು ನೆನೆಸಿ ಮರುದಿನ ಮಧ್ಯಾಹ್ನಕ್ಕೆ ಆರಿಹೋಗುತ್ತದೆ. ನೀರಿರುವಲ್ಲಿಗೆ ಬೇರು ಬರುತ್ತದೆ. ಮೇಲೆಯೇ ನೀರಿದ್ದರೆ ಬೇರೂ ಮೇಲೆಯೇ ಉಳಿದು ರಜೆಯ ಬಿಸಿಲಿಗೆ ಸಿಕ್ಕುತ್ತದೆ. ಕೆಲವು ದಿನಗಳಿಗೊಮ್ಮೆ ಆಳಕ್ಕೆ ಇಳಿಯುವಂತೆ ಕೊಟ್ಟ ನೀರೇ ನೀರು. ಕೊಡುವ ಮೊದಲು ಗೇಣುದ್ದದ ಕಡ್ಡಿಯಿಂದ ಮಣ್ಣನ್ನು ಕೆದಕಿ, ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ ನೋಡಲಿ. ಉಂಡೆಯಾಗಿ ನಿಂತು, ಬೆರಳು ತಾಗಿಸಿದರೆ ಒಡೆದರೆ ಹದವಿದೆ, ನೀರು ಬೇಡ. ಈ ಹದ ಎಂಬ ಮಾತನ್ನು ಗಮನಿಸಿರಿ. ಮಣ್ಣಿನ ತೇವಾಂಶ ಎಂದು ಪುಸ್ತಕ ಹೇಳುವುದನ್ನು ಈ ಸೀಮೆಯ ರೈತನ ಮನೆಯ ಮಗು ಹದವೆಂದೋ ಹಸಿಯೆಂದೋ ಆಗಲೇ ಬಲ್ಲದು. ತೋಟದಲ್ಲಿ ಮಗುವಿನ ಮಾತನ್ನು ಮೊದಲು ಕೇಳಿ, ಪುಸ್ತಕದ ಪದವನ್ನು ಅದರ ಪಕ್ಕದಲ್ಲಿ ಇಟ್ಟರೆ ಎರಡೂ ಉಳಿಯುತ್ತವೆ.

ಕುಂಟೆ ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಕುಂಟೆಯೆಂದರೆ ಮಳೆನೀರು ನಿಲ್ಲುವ ಸಣ್ಣ ಕೊಳ. ರಾಗಿಯ ಹೊಲದಲ್ಲಿ ಎಳೆಯುವ ಸಾಧನಕ್ಕೂ ಕುಂಟೆಯೆಂದೇ ಹೆಸರು. ಮಳೆ ಬಿದ್ದು ಬಿಸಿಲು ಬಂದ ಮೇಲೆ ಕೆಂಪು ಮಣ್ಣಿನ ಮೇಲೆ ಹೆಪ್ಪುಗಟ್ಟುತ್ತದೆ. ಕುಂಟೆ ಹೊಡೆದರೆ ಆ ಹೆಪ್ಪು ಒಡೆದು, ಕೆಳಗಿನ ಹಸಿ ಮೇಲಕ್ಕೇರಿ ಆರುವ ದಾರಿ ಕಡಿಯುತ್ತದೆ. ಮುಂದಿನ ಮಳೆ ಒಳಗಿಳಿಯುತ್ತದೆ. ಒಂದು ಕುಂಟೆ ನೀರನ್ನು ಕೂಡಿಡುತ್ತದೆ, ಇನ್ನೊಂದು ಕಾಯ್ದುಕೊಳ್ಳುತ್ತದೆ. ಸಸಿಯ ಪಾತಿಯಲ್ಲಿ ಈ ಕೆಲಸಕ್ಕೆ ಕಳೆಗುದ್ದಲಿ ಸಾಕು. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳ ಅಕ್ಕಡಿ ಸಾಲು ಹಾಕುವುದು ಮಕ್ಕಳಿಗೆ ಗೊತ್ತಿರುತ್ತದೆ. ಬೇರುಗಳು ಬೇರೆ ಬೇರೆ ಆಳದಿಂದ ನೀರು ತೆಗೆಯುತ್ತವೆ, ಒಂದು ಬೆಳೆಗೆ ಮಳೆ ತಪ್ಪಿದರೆ ಇನ್ನೊಂದು ಕೈಹಿಡಿಯುತ್ತದೆ ಎಂಬ ಕಾರಣವನ್ನು ನಾವು ಹೇಳಿಕೊಡಬೇಕು. ಶಾಲೆಯ ತರಕಾರಿ ಮಡಿಗಳಿಗೂ ಅದೇ ಕ್ರಮ ಒಗ್ಗುತ್ತದೆ.

ಇನ್ನೊಂದು ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಾರದು. ಶಾಲೆಯ ಅಂಗಳವನ್ನು ಬೆಳಗ್ಗೆ ಗುಡಿಸಿ, ತರಗೆಲೆಯನ್ನು ಮೂಲೆಯಲ್ಲಿ ಸುಡುವುದು ಶಿಸ್ತಿನ ಲಕ್ಷಣವೆಂದು ನಾವು ತಿಳಿದಿದ್ದೇವೆ. ಪ್ರಾರ್ಥನೆಯ ಅಂಗಳ ಶುಚಿಯಾಗಿರಲಿ. ಗಿಡದ ಬುಡವನ್ನು ಮಾತ್ರ ಗುಡಿಸಬೇಡಿರಿ. ಬೇಸಗೆಯಲ್ಲಿ ತೆರೆದ ಒದ್ದೆ ನೆಲದ ಒಂದು ಚದರ ಮೀಟರಿನಿಂದ ದಿನಕ್ಕೆ ಐದು ಲೀಟರಿನಷ್ಟು ನೀರು ಆರಿಹೋಗಬಹುದು. ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹೊಂಗೆಯ ತರಗು, ಒಣಹುಲ್ಲು, ತೆಂಗಿನ ಸಿಪ್ಪೆಗಳನ್ನು ಹೊದಿಸಿದರೆ ಅದರಲ್ಲಿ ಬಹುಪಾಲು ಉಳಿಯುತ್ತದೆ. ರಾಗಿಯ ಹುಲ್ಲು ದನಗಳ ಪಾಲಿನದು, ಅದನ್ನು ಕೇಳಬೇಡಿರಿ. ಗೆದ್ದಲಿನ ಭಯವಿದ್ದಲ್ಲಿ ಹೊದಿಕೆಯನ್ನು ಕಾಂಡದಿಂದ ಒಂದು ಗೇಣು ದೂರವಿಡಬೇಕು. ನಂಬದವರಿಗೆ ಪರೀಕ್ಷೆ ಸುಲಭ: ಎರಡು ಡಬ್ಬಿಗಳಲ್ಲಿ ಒಂದೇ ತೂಕದ ಮಣ್ಣು, ಒಂದೇ ಅಳತೆಯ ನೀರು, ಒಂದಕ್ಕೆ ತರಗಿನ ಹೊದಿಕೆ. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿ ಹತ್ತು ದಿನ ಬರೆದಿಟ್ಟರೆ ವಿಜ್ಞಾನದ ಪಾಠವೂ ಆಯಿತು, ನಕ್ಷೆ ಬರೆಯುವ ಗಣಿತವೂ ಆಯಿತು.

ಮಧ್ಯಾಹ್ನದ ಊಟದ ನೀರನ್ನು ಮರೆಯಬಾರದು. ಕೈಗೂ ತಟ್ಟೆಗೂ ಮಗುವಿಗೆ ಎರಡು ಲೀಟರ್ ಎಂದಿಟ್ಟುಕೊಂಡರೂ ಅರವತ್ತು ಮಕ್ಕಳಿಗೆ 120 ಲೀಟರ್. ನಮ್ಮ ಅಜ್ಜಿಯರ ಹಿತ್ತಲಿನಲ್ಲಿ ಬಚ್ಚಲ ನೀರು ಹೋಗಿ ಸೇರುತ್ತಿದ್ದುದು ಬಾಳೆಗೆ, ಕೆಸುವಿಗೆ. ಶಾಲೆಯಲ್ಲಿಯೂ ಕಲ್ಲುಚೂರು ಮರಳು ತುಂಬಿದ ಒಂದು ಸಣ್ಣ ಗುಂಡಿಯ ಮೂಲಕ ಅದನ್ನು ಬಾಳೆಯ ಬುಡಕ್ಕೆ ಬಿಡಬಹುದು. ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ.

ಯಾವ ಗಿಡ ಎಂಬ ಪ್ರಶ್ನೆಗೆ ಉತ್ತರ ರಸ್ತೆಯ ಬದಿಯಲ್ಲಿಯೇ ಇದೆ. ಯಾರೂ ನೀರೆರೆಯದೆ ಬದುಕಿರುವುದನ್ನು ನೋಡಿ ಆರಿಸಿಕೊಳ್ಳಿರಿ: ಹೊಂಗೆ, ಬೇವು, ನೇರಳೆ, ಹುಣಸೆ, ಸೀತಾಫಲ, ನೆಲ್ಲಿ. ಊಟಕ್ಕೆ ನುಗ್ಗೆ, ಕರಿಬೇವು. ಬೇಲಿಗೆ ಹಳದಿ ಹೂವಿನ ತಂಗಡಿ. ಇದನ್ನು ಆವರಿಕೆ ಎಂದೂ ಕರೆಯುತ್ತೇವೆ, ತಮಿಳರು ಆವಾರೈ ಎನ್ನುತ್ತಾರೆ, ತೆಲುಗರು ತಂಗೇಡು ಎನ್ನುತ್ತಾರೆ. ಗಡಿನಾಡಿನ ಮಕ್ಕಳು ಮೂರು ಹೆಸರುಗಳನ್ನೂ ಬರೆದು ಫಲಕ ಕಟ್ಟಲಿ. ಕಣಗಿಲೆ ಬರಗಾಲಕ್ಕೆ ಜಗ್ಗದ ಗಿಡವೇ ಆದರೂ ಅದರ ಎಲೆ, ಹೂ, ಕಾಂಡಗಳೆಲ್ಲ ವಿಷ. ಚಿಕ್ಕ ಮಕ್ಕಳಿರುವ ಶಾಲೆಗೆ ಬೇಡ. ಹುಲ್ಲುಹಾಸಿನ ಆಸೆಯನ್ನೂ ಬಿಡೋಣ. ಆಳೆತ್ತರದ ಸಸಿಗಿಂತ ಒಂದಡಿಯ ಸಸಿ ಬೇಗ ಬೇರೂರುತ್ತದೆ. ಹುಣಸೆ, ಹೊಂಗೆ, ಸೀತಾಫಲಗಳ ಬೀಜವನ್ನು ನೇರವಾಗಿ ಗುಂಡಿಗೆ ಹಾಕಿದರೆ ತಾಯಿಬೇರು ಅಡ್ಡಿಯಿಲ್ಲದೆ ಆಳಕ್ಕೆ ಇಳಿಯುತ್ತದೆ. ಬೇವಿನ ಬೀಜವನ್ನು ಮಾತ್ರ ಹಣ್ಣಾದ ಕೆಲವೇ ವಾರಗಳಲ್ಲಿ ಬಿತ್ತಬೇಕು, ಆಮೇಲೆ ಅದು ಹುಟ್ಟುವುದಿಲ್ಲ.

ಕಾಲದ ವಿಚಾರ ಒಂದು ಉಳಿಯಿತು. ಜೂನ್ ಜುಲೈ ತಿಂಗಳುಗಳಲ್ಲಿ ನಮ್ಮಲ್ಲಿ ಮೋಡವಿರುತ್ತದೆ, ಮಳೆ ಅಲ್ಪ. ಆಷಾಢದ ಗಾಳಿ ಎಳೆಯ ಸಸಿಯ ಎಲೆಯಿಂದ ನೀರನ್ನು ಹೀರಿ ಒಣಗಿಸುತ್ತದೆ. ನಮಗೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಆದುದರಿಂದ ಜೂನ್ 5ರಂದು ಗುಂಡಿ ತೋಡಿ, ಗೋಡು ಗೊಬ್ಬರ ತುಂಬಿ, ಬೀಜ ಆರಿಸುವ ಕೆಲಸ ನಡೆಯಲಿ. ಸಸಿ ಇಡುವುದು ಆಶ್ಲೇಷ, ಮಘೆ ಮಳೆಗಳ ಹೊತ್ತಿಗೆ, ಆಗಸ್ಟ್ ತಿಂಗಳಿನಲ್ಲಿ. ಮೇಲಿನವರು ಜೂನ್ ತಿಂಗಳಲ್ಲಿಯೇ ಚಿತ್ರ ಕೇಳಿದರೆ ಗುಂಡಿಯ ಚಿತ್ರವನ್ನೇ ಕಳುಹಿಸೋಣ.

ರಜೆಯ ಸರದಿಯನ್ನು ಏಪ್ರಿಲ್ ಮೊದಲ ವಾರದಲ್ಲಿಯೇ ಗೊತ್ತುಮಾಡಬೇಕು. ಶಾಲೆಯ ಸಮೀಪದ ಮನೆಗಳ ಮಕ್ಕಳಿಗೆ ತಲಾ ಎರಡು ಮಡಕೆ, ವಾರದಲ್ಲಿ ಎರಡು ದಿನ, ಬಿಸಿಲೇರುವ ಮುನ್ನ. ತೊಟ್ಟಿಯ ಬೀಗದ ಕೈ ಯಾರ ಮನೆಯಲ್ಲಿರಬೇಕು ಎಂಬುದನ್ನು ಪೋಷಕರೊಡನೆ ಮಾತನಾಡಿ ನಿಶ್ಚಯಿಸಿರಿ. ಎಷ್ಟೋ ಕಡೆ ನೀರಿದ್ದೂ ಬೀಗದ ಕೈ ಇಲ್ಲದೆ ಕೆಲಸ ಕೆಡುತ್ತದೆ. ಸೊಳ್ಳೆಯಾಗದಂತೆ ತೊಟ್ಟಿಯ ಬಾಯಿಗೆ ಬಟ್ಟೆ ಕಟ್ಟಿರಬೇಕು. ಎರಡನೆಯ ಬೇಸಗೆಗೆ ವಾರಕ್ಕೊಂದು ಸಲ ತುಂಬಿದರೆ ಸಾಕು. ಮೂರು ಬೇಸಗೆ ಕಳೆದ ಮೇಲೆ ಹೊಂಗೆಗೂ ಬೇವಿಗೂ ನಮ್ಮ ಹಂಗಿಲ್ಲ. ಆ ಮಡಕೆಗಳನ್ನು ಕಿತ್ತು ಹೊಸ ಸಸಿಗಳ ಪಕ್ಕಕ್ಕೆ ಹೂಳಬಹುದು. ಮಡಕೆ ಕೊಳ್ಳುವಾಗ ನೀರು ತುಂಬಿ ಒಂದು ರಾತ್ರಿ ಇಟ್ಟು, ಬೆಳಗ್ಗೆ ಹೊರಮೈ ಒದ್ದೆಯಾಗಿದೆಯೇ ಎಂದು ಕೈಯಿಟ್ಟು ನೋಡಿರಿ. ಒಣಗಿಯೇ ಇದ್ದರೆ ಅದು ಮನೆಯಲ್ಲಿ ಅಕ್ಕಿ ತುಂಬಿಡಲು ಆದೀತು, ತೋಟಕ್ಕೆ ಬಾರದು.